ಬಾಜು ಯಾರು ಕೂಡ್ತಾರ?

ಮಾನ್ಯ ಸಂಪಾದಕರೇ,

ಜೂನ್ ಬಂತೆಂದರೆ ಪತ್ರಿಕೆಗಳಲ್ಲಿ ನಮ್ಮ ಫೋಟೊ ಬರುತ್ತದೆ. ಮಕ್ಕಳನ್ನು ತುಂಬಿಕೊಂಡ ಆಟೊ, ಹೊರಗೆ ಜೋತಾಡುವ ಬ್ಯಾಗು, ಕೆಳಗೆ ‘ಕುರಿಗಳಂತೆ ತುಂಬಿದ ಮಕ್ಕಳು’ ಎಂದು ಒಂದು ಸಾಲು. ಬರೆಯಬೇಕಾದ್ದೇ, ತಪ್ಪೇನಿಲ್ಲ. ನಾನು ಹುಬ್ಬಳ್ಳಿಯಲ್ಲಿ 19 ವರ್ಷದಿಂದ ಶಾಲಾ ಮಕ್ಕಳ ಆಟೊ ಓಡಿಸುತ್ತಿದ್ದೇನೆ. ಮೊದಮೊದಲು ನಾನೂ ಹತ್ತು ಮಕ್ಕಳನ್ನು ಕೂರಿಸಿದವನೇ. ಈಗ ಆರೇ. ಆಟೊದಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಪೊಲೀಸರು ಎಣಿಸುತ್ತಾರೆ, ನೀವೂ ಎಣಿಸುತ್ತೀರಿ. ಯಾರ ಬಾಜು ಯಾರು ಕೂತಿದ್ದಾರೆ ಅಂತ ಯಾರೂ ಬರೆಯುವುದಿಲ್ಲ. ಮಕ್ಕಳ ಮನೆಯವರು ನಮ್ಮನ್ನು ಜಾಸ್ತಿ ಕೇಳುವುದು ಮಾತ್ರ ಅದನ್ನೇ.

ಎರಡು ವರ್ಷದ ಹಿಂದಿನ ಮಾತು. ಮೂರನೇ ಇಯತ್ತೆಯ ಒಬ್ಬ ಹುಡುಗ, ಅದೇ ಶಾಲೆಯ ಎರಡನೇ ಇಯತ್ತೆಯ ಒಬ್ಬ ಹುಡುಗಿ. ಹೆಸರು ಬರೆಯೋದಿಲ್ಲ. ಇಬ್ಬರೂ ಇನ್ನೂ ನನ್ನ ಆಟೊದಲ್ಲೇ ಬರುತ್ತಾರೆ. ಒಂದು ಮುಂಜಾನೆ ಹುಡುಗನ ತಾಯಿ ಆಟೊ ಹತ್ತಿರ ಬಂದು ದನಿ ಇಳಿಸಿ ಹೇಳಿದರು: “ಅಣ್ಣಾರ, ನಮ್ಮ ಹುಡುಗನ್ನ ಆ ಹುಡುಗಿ ಬಾಜು ಕೂಡಸಬ್ಯಾಡ್ರಿ. ಡಬ್ಬ್ಯಾಗ ತತ್ತಿ ತರ್ತಾಳ. ವಾಸನಿ.”

ಅದು ತತ್ತಿಯ ಮಾತಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಇದೇ ಹುಡುಗ ಬೇಕರಿ ಮುಂದೆ ಎಗ್ ಪಫ್ಸ್ ತಿಂದು, ಟೈ ತುದಿಯಿಂದ ತುಟಿ ಒರೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಆದರೆ ಅವರು ನಾಲ್ಕು ವರ್ಷದ ಗಿರಾಕಿ. ತಿಂಗಳ ಮೊದಲ ತಾರೀಖಿಗೇ ರೊಕ್ಕ ಕೊಡುವವರು. ನಾನು “ಹೂಂನ್ರಿ” ಅಂದೆ. ಮರುದಿನ ಹುಡುಗಿಯನ್ನು ಮುಂದೆ ನನ್ನ ಬಾಜು ಕೂರಿಸಿಕೊಂಡೆ. ಮುಂದೆ ಮಕ್ಕಳನ್ನು ಕೂರಿಸುವುದೂ ತಪ್ಪೇ, ಅದು ಇನ್ನೊಂದು ಲೆಕ್ಕ.

ಆಕೆ ಏನೂ ಕೇಳಲಿಲ್ಲ. ಎರಡು ದಿನ ಸುಮ್ನೆ ಕೂತಳು. ಮೂರನೇ ದಿನ ಡಬ್ಬಿ ಚೀಲದಿಂದ ಡಬ್ಬಿ ತೆಗೆದು ಮೂಗಿಗೆ ಹಿಡಿದು, “ಕಾಕಾ, ಈಗ ವಾಸನಿ ಬರಾಕತ್ತೇತೇನ್ರಿ?” ಅಂದಳು. ನೋಡಿದೆ. ಡಬ್ಬಿಗೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿತ್ತು. ಯಾರು ಹೇಳಿದರೋ ಏನೋ. ನಾನಂತೂ ಹೇಳಿರಲಿಲ್ಲ. ಹೇಳದಿದ್ದರೂ ಮಕ್ಕಳಿಗೆ ಗೊತ್ತಾಗುತ್ತದೆ. ಏಳು ವರ್ಷದ ಮಗು ತನ್ನ ತಾಯಿ ಮಾಡಿಕೊಟ್ಟ ಅಡುಗೆಯನ್ನು ತಾನೇ ಮೂಸಿ ನೋಡಿತು. ಅವತ್ತು ಇಂಡಿ ಪಂಪ್ ಹತ್ತಿರ ಸಿಗ್ನಲ್ ಹಸಿರಾದರೂ ನಾನು ನಿಂತೇ ಇದ್ದೆ. ಹಿಂದಿನವರು ಹಾರ್ನ್ ಹೊಡೆದು ಬೈದರು.

ನನಗೆ ನನ್ನ ಏಳನೇ ವರ್ಷ ನೆನಪಾಯಿತು. ನಮ್ಮದು ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿ. ಲಿಂಗಾಯತರ ಮನೆ. ನಾಲ್ಕು ಎಕರೆ ಎರಿ ಹೊಲ, ಹತ್ತಿ ಮತ್ತು ಮೆಣಸಿನಕಾಯಿ. ಹೊಲದ ಕೆಲಸಕ್ಕೆ ಕೇರಿಯಿಂದ ಒಬ್ಬ ಹಿರಿಯರು ಬರುತ್ತಿದ್ದರು. ನಮ್ಮಪ್ಪನಿಗಿಂತ ದೊಡ್ಡವರು. ನೀರು ಕೇಳಿದರೆ ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ಚೆಂಬಿನಿಂದ ಮೇಲಿಂದ ಸುರಿಯುತ್ತಿದ್ದಳು. ಅವರು ಬಾಗಿ ಬೊಗಸೆಯಲ್ಲಿ ಕುಡಿಯುತ್ತಿದ್ದರು. ಒಂದು ದಿನ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ಹಿಟ್ಟು. “ಹೋಗಿ ನೀರ ಹಾಕಿ ಬಾ” ಅಂದಳು. ನಾನು ಗಿಡ್ಡ. ನನ್ನ ಕೈಯ ಚೆಂಬಿಗಿಂತ ಕೆಳಗೆ ಬರಬೇಕೆಂದರೆ ಆ ಹಿರಿಯರು ಬಾಗಿದರೆ ಸಾಲುತ್ತಿರಲಿಲ್ಲ. ಅವರು ಮಾತಾಡದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು. ಬೊಗಸೆ ಒಡ್ಡಿದರು. ಆದರೂ ನಾನು ತುದಿಗಾಲ ಮೇಲೆ ನಿಂತು ಚೆಂಬನ್ನು ಇನ್ನಷ್ಟು ಎತ್ತಿದೆ. ಎಷ್ಟು ಎತ್ತರ ಹಿಡಿಯಬೇಕು ಅಂತ ನನಗೆ ಯಾರೂ ಕಲಿಸಿರಲಿಲ್ಲ. ನೋಡಿಯೇ ಬಂದಿತ್ತು. ರೊಟ್ಟಿ ಬಡಿಯೋದು ನೋಡಿ ಬರುವ ಹಾಗೆ.

ಆಗ ಸಂವಿಧಾನ ಜಾರಿಗೆ ಬಂದು 30 ವರ್ಷ ದಾಟಿತ್ತು. ಅಸ್ಪೃಶ್ಯತೆ ಅಪರಾಧ ಅಂತ 17ನೇ ವಿಧಿ ಹೇಳುತ್ತದೆ ಅನ್ನೋದನ್ನು ನಾನು ಏಳನೇ ಇಯತ್ತೆ ಪರೀಕ್ಷೆಯಲ್ಲಿ ಸರಿಯಾಗಿ ಬರೆದೆ. ಮಾರ್ಕ್ಸೂ ಬಂತು. ಚೆಂಬು ಅದೇ ಎತ್ತರದಲ್ಲಿತ್ತು.

ನಮ್ಮವ್ವ ಕೆಟ್ಟವಳು ಅಂತ ತಿಳಿಯಬೇಡಿ. ಅದೇ ಅವ್ವ, ನನಗೆ ಜ್ವರ ಬಂದು ಬಿಡದಿದ್ದಾಗ ಮೊಹರಮ್ಮಿಗೆ ಹರಕೆ ಹೊತ್ತು, ನನ್ನ ಕೊರಳಿಗೆ ಲಾಡಿ ಹಾಕಿಸಿ ಫಕೀರನನ್ನಾಗಿ ಮಾಡಿದ್ದಳು. ಐದು ಮನೆ ಭಿಕ್ಷೆ ಬೇಡಿ ತಂದಿದ್ದೆ. ಅಲಾಯಿ ದೇವರ ಮುಂದೆ ಸಕ್ಕರೆ ಓದಿಸಿದ್ದಳು. ಊರಲ್ಲಿ ಮುಸ್ಲಿಮರ ಮನೆ ಎಂಟೋ ಹತ್ತೋ ಇದ್ದವು. ಹೆಜ್ಜೆ ಹಾಕಿ ಕುಣಿಯುವವರು ಮಾತ್ರ ಇಡೀ ಊರವರು. ಅವತ್ತು ಹಬ್ಬದ ಸಿಹಿ ಚೊಂಗೆ ಯಾರ ಮನೆಯದು ಅಂತ ಯಾರೂ ಕೇಳುತ್ತಿರಲಿಲ್ಲ. ನಾವು ಹುಡುಗರು ಶಿಶುನಾಳಕ್ಕೆ ನಡೆದೇ ಹೋಗಿ ಬರುತ್ತಿದ್ದೆವು. 1819ರಲ್ಲಿ ಹುಟ್ಟಿದ ಶರೀಫರು, ಅವರಿಗೆ ಗುರುವಾದ ಕಳಸದ ಗೋವಿಂದ ಭಟ್ಟರು, ಇಬ್ಬರನ್ನೂ ಅವರವರ ಜನ ಆಡಿಕೊಂಡಿದ್ದು, ಈ ಕಥೆಯನ್ನು ಹಿರಿಯರಿಂದ ಕೇಳಿಯೇ ಬೆಳೆದವರು ನಾವು. ಗದ್ದುಗೆಗೆ ಇವತ್ತಿಗೂ ಎರಡೂ ಕಡೆಯವರು ಬರುತ್ತಾರೆ.

ಹೇಳಬೇಕಾದ್ದು ಏನೆಂದರೆ, ನಮ್ಮ ಭಾಗದಲ್ಲಿ ಭಾವೈಕ್ಯ ಇಲ್ಲ ಅಂತ ಅಲ್ಲ. ಇದೆ, ಜಾತ್ರೆಯ ದಿನ ಇದೆ. ಸಕ್ಕರೆ ಓದಿಸಿದ ಕೈಯೇ ಮರುದಿನ ಚೆಂಬು ಎತ್ತುತ್ತಿತ್ತು. ವೇದಿಕೆ ಮೇಲೆ ಶರೀಫರ ಹೆಸರು ಹೇಳುವವರ ಮನೆಯಲ್ಲಿ ಮಕ್ಕಳು ನೋಡುವುದು ವೇದಿಕೆಯನ್ನಲ್ಲ. ಮನೆಗೆ ಬಂದವರಿಗೆ ಯಾವ ಕಪ್ಪಿನಲ್ಲಿ ಚಹಾ ಬರುತ್ತದೆ ಅನ್ನೋದನ್ನು.

ಕಪ್ಪಿನ ಕಥೆ ನಮ್ಮ ಮನೆಯಲ್ಲೇ ಆಯಿತು, ಬಚ್ಚಿಡೋದೇನು. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆ ಹಳೇ ಹುಬ್ಬಳ್ಳಿಗೆ ಬಂದಳು. ಮಗಳು ಆಗ ಪಿಯುಸಿ. ಅವಳ ಗೆಳತಿಯೊಬ್ಬಳು ಓದೋಕೆ ಬರುತ್ತಿದ್ದಳು. ಬಾಳ ಶಾಣ್ಯಾ ಹುಡುಗಿ. ಅವಳ ತಂದೆ ಪೌರಕಾರ್ಮಿಕರು. ಅವ್ವ ಆಕೆಗೆ ಚಹಾ ಕೊಡದೆ ಇರುತ್ತಿರಲಿಲ್ಲ. ಬಿಸ್ಕೀಟೂ ಇಡುತ್ತಿದ್ದಳು. ಆದರೆ ಚಹಾ ಮಾತ್ರ ಪೇಪರ್ ಕಪ್ಪಿನಲ್ಲಿ. ನಮಗೆಲ್ಲ ಸ್ಟೀಲ್ ಲೋಟ. ಕೇಳಿದರೆ “ತೊಳಿಯೂದ ತಪ್ಪತೈತಿ” ಅನ್ನುತ್ತಿದ್ದಳು. ಚೆಂಬು ಹೋಗಿ ಪೇಪರ್ ಕಪ್ಪು ಬಂದಿತ್ತು, ಅಷ್ಟೇ. ನಾನು ನೋಡಿಯೂ ನೋಡದವನಂತೆ ಇದ್ದೆ. ಮುದುಕಿ, ಇನ್ನೆಷ್ಟು ದಿನ, ಯಾಕೆ ಮನೆಯಲ್ಲಿ ಜಗಳ ಅಂತ.

ಮಗಳು ಜಗಳ ಮಾಡಲಿಲ್ಲ. ಒಂದು ಸಂಜೆ “ಅಮ್ಮಾ, ನನಗೂ ಅದರಾಗ ಕೊಡು” ಅಂದಳು. ಅಜ್ಜಿಯನ್ನು ಅವಳು ಅಮ್ಮಾ ಅಂತಾಳೆ. ಮರುದಿನ ಮುಂಜಾನೆ ಗೆಳತಿ ಇಲ್ಲದಾಗಲೂ ಪೇಪರ್ ಕಪ್ಪೇ ಬೇಕು ಅಂದಳು. ನೀರಿಗೂ ಅದೇ. ದಿನಕ್ಕೆ ನಾಲ್ಕೈದು ಕಪ್ಪು. ತಿಂಗಳೊಪ್ಪತ್ತಿನಲ್ಲಿ ಐವತ್ತರ ಪಾಕೀಟು ಎರಡು ಖಾಲಿ. ಅವ್ವನಿಗೆ ರೊಕ್ಕದ ಸಂಕಟ ಶುರುವಾಯಿತು. “ಇದಕ್ಕ ಯಾರ ರೊಕ್ಕ ಹಾಕ್ತಾರ್ ತಂಗಿ” ಅಂತ ಗೊಣಗಿ, ಮುಂದಿನ ಸಲ ಗೆಳತಿ ಬಂದಾಗ ಇಬ್ಬರಿಗೂ ಸ್ಟೀಲ್ ಲೋಟದಲ್ಲೇ ತಂದಿಟ್ಟಳು. ಮನಸ್ಸು ಬದಲಾಯಿತೋ, ಜಿಪುಣತನ ಗೆದ್ದಿತೋ, ನಾನು ಕೇಳಲಿಲ್ಲ. ಲೋಟ ಬದಲಾಯಿತು. ಎದುರು ಮನೆಯ ಚಿಕ್ಕ ಹುಡುಗ ಅವತ್ತು ನಮ್ಮ ಕಟ್ಟೆ ಮೇಲೆ ಕೂತು ಬಿಸ್ಕೀಟು ತಿನ್ನುತ್ತಿದ್ದ. ಅವನು ನೋಡಿದ್ದು ಸ್ಟೀಲ್ ಲೋಟವನ್ನು.

ಮಗಳು ಈಗ ಧಾರವಾಡದಲ್ಲಿ ಬಿ.ಎಡ್ ಓದುತ್ತಿದ್ದಾಳೆ. ಡಬ್ಬಿಯ ಹುಡುಗಿಯ ವಿಷಯ ಹೇಳಿದಾಗ ಅವಳು ತನ್ನ ಪಾಠದ ಒಂದು ಪ್ರಯೋಗದ ಬಗ್ಗೆ ಹೇಳಿದಳು. 1954ರಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ ನಡೆದದ್ದು. ಮಾಡಿದವರು ತುರ್ಕಿಯಲ್ಲಿ ಹುಟ್ಟಿದ ಮುಜಾಫರ್ ಶೆರೀಫ್ ಅನ್ನುವ ಪ್ರೊಫೆಸರ್. “ಅಪ್ಪಾ, ಅಂವನೂ ಶರೀಫನ ನೋಡು” ಅಂತ ನಕ್ಕಳು. ಸುಮಾರು 11 ವರ್ಷದ 22 ಹುಡುಗರನ್ನು ರಜೆ ಶಿಬಿರಕ್ಕೆ ಕರೆದೊಯ್ದು ಎರಡು ಗುಂಪು ಮಾಡಿದರಂತೆ. ಒಂದು ಗುಂಪಿಗೆ ಹದ್ದಿನ ಹೆಸರು, ಇನ್ನೊಂದಕ್ಕೆ ಹಾವಿನ ಹೆಸರು. ಆ ಹುಡುಗರಲ್ಲಿ ಜಾತಿ, ಮತ, ಬಣ್ಣ ಯಾವ ಭೇದವೂ ಇರಲಿಲ್ಲ. ಎಲ್ಲರೂ ಒಂದೇ ತರದ ಮನೆಯವರು. ಪಂದ್ಯ ಇಟ್ಟು, ಗೆದ್ದವರಿಗೆ ಬಹುಮಾನ ಅಂದಿದ್ದಷ್ಟೇ. ಕೆಲವೇ ದಿನದಲ್ಲಿ ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು. ಬೈದಾಡಿದರು, ಕೈ ಕೈ ಮಿಲಾಯಿಸಿದರು. ಅಲ್ಲಿ ಹಚ್ಚಿಕೊಡೋಕೆ ಪ್ರೊಫೆಸರ್ ಬೇಕಾಯಿತು, ನಮ್ಮಲ್ಲಿ ಮೊಬೈಲೇ ಸಾಕು.

ನನಗೆ ಹಿಡಿಸಿದ್ದು ಅದರ ಮುಂದಿನ ಭಾಗ. ಜಗಳ ನಿಲ್ಲಿಸಬೇಕು ಅಂತ ಮೊದಲು ಎರಡೂ ಗುಂಪಿಗೆ ಒಟ್ಟಿಗೆ ಊಟ ಹಾಕಿದರು, ಒಟ್ಟಿಗೆ ಸಿನಿಮಾ ತೋರಿಸಿದರು. ಕೆಲಸಕ್ಕೆ ಬರಲಿಲ್ಲ. ಊಟವನ್ನೇ ಒಬ್ಬರ ಮೇಲೊಬ್ಬರು ಎಸೆದಾಡಿದರಂತೆ. ಆಮೇಲೆ ಶಿಬಿರದ ನೀರು ನಿಂತಿತು. ಅಂದರೆ, ಅವರೇ ನಿಲ್ಲಿಸಿದ್ದರು. ಎಲ್ಲಿ ಕೆಟ್ಟಿದೆ ಅಂತ ಎರಡೂ ಗುಂಪು ಸೇರಿ ಹುಡುಕಬೇಕಾಯಿತು. ಇನ್ನೊಮ್ಮೆ ಊಟ ತರುವ ಟ್ರಕ್ಕು ಚಾಲೂ ಆಗಲಿಲ್ಲ. ಹಗ್ಗ ಜಗ್ಗಾಟದಲ್ಲಿ ಪರಸ್ಪರ ಎಳೆದಾಡಿದ್ದ ಅದೇ ಹಗ್ಗ ಕಟ್ಟಿ, ಎಲ್ಲರೂ ಒಂದೇ ಕಡೆ ಎಳೆದರು. ಇಂಥವು ನಾಲ್ಕಾರು ಕೆಲಸ ಆದ ಮೇಲೆ ಮನಸ್ಸು ಮೆತ್ತಗಾಯಿತು. ಒಂದೇ ಸಲಕ್ಕೆ ಆಗಲಿಲ್ಲ.

ಬಾಜು ಕೂರಿಸಿಬಿಟ್ಟರೆ ಮುಗಿಯಿತು ಅಂತ ನಾನೂ ತಿಳಿದಿದ್ದೆ. ಅಷ್ಟು ಸಸಾರ ಇಲ್ಲ. ಆ ಹುಡುಗ-ಹುಡುಗಿ ಹತ್ತಿರವಾಗಿದ್ದು ಬಾಜು ಕೂತದ್ದಕ್ಕಲ್ಲ ಅಂತ ನನಗೆ ಆಗ ಹೊಳೆಯಿತು. ಅವರದೊಂದು ಆಟ ಇತ್ತು. ನಾವು ಹೊಸೂರು ದಾಟಿ ವಿದ್ಯಾನಗರದ ಕಡೆ ಹೊರಟರೆ ರಸ್ತೆ ನಡುವೆ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ಓಡುತ್ತಿರುತ್ತವೆ. ಧಾರವಾಡಕ್ಕೆ ಹೋಗುವವನ್ನು ಅವನು ಎಣಿಸಬೇಕು, ಹುಬ್ಬಳ್ಳಿಗೆ ಬರುವವನ್ನು ಅವಳು. ಶಾಲೆ ಗೇಟಿನಲ್ಲಿ ಇಳಿಯುವಾಗ ಎರಡೂ ಕೂಡಿಸಿ ನನಗೆ ಹೇಳಬೇಕು. ನಿನ್ನೆಗಿಂತ ಜಾಸ್ತಿ ಆದರೆ ಇಬ್ಬರೂ ಗೆದ್ದ ಹಾಗೆ. ಒಬ್ಬರೇ ಎಣಿಸೋಕೆ ಹೋದರೆ ತಪ್ಪುತ್ತದೆ. ನಾನು ಪ್ರಯತ್ನ ಮಾಡಿದ್ದೇನೆ.

ಹುಡುಗಿಯನ್ನು ಮುಂದೆ ಕೂರಿಸಿದಾಗ ನನ್ನ ಮೈ ಅಡ್ಡ ಬಂದು ಆಕೆಗೆ ಬಲಗಡೆಯ ಬಸ್ಸು ಕಾಣುತ್ತಿರಲಿಲ್ಲ. ಆಟ ನಿಂತಿತು. ನಾಲ್ಕನೇ ದಿನ ಹಿಂದಿನಿಂದ ಹುಡುಗ ನನ್ನ ಅಂಗಿ ಜಗ್ಗಿದ. “ಕಾಕಾ, ಆಕೀನ್ನ ಹಿಂದ ಕಳಸ್ರಿ. ಹುಬ್ಬಳ್ಳಿ ಬಸ್ ಯಾರೂ ಎಣಸವಲ್ರು.”

“ನಿಮ್ಮವ್ವ ಬ್ಯಾಡ ಅಂದಾಳಪಾ.”

“ಅವ್ವಗ ಹೇಳಬ್ಯಾಡ್ರಿ.”

ನಾನು ಒಂದು ಕಳ್ಳ ಹಾದಿ ಹಿಡಿದೆ. ಅವರ ಓಣಿ ತಿರುವು ದಾಟುವವರೆಗೆ ಹುಡುಗಿ ಮುಂದೆ, ಆಮೇಲೆ ಹಿಂದೆ. ಒಂದು ತಿಂಗಳು ಹೀಗೇ ನಡೆಯಿತು. ಮಗುವಿಗೆ ತಾಯಿಯಿಂದ ಮುಚ್ಚಿಡೋದನ್ನು ಕಲಿಸಿದ ಹಾಗಾಯಿತಲ್ಲ ಅಂತ ಒಳಗೇ ಚುಚ್ಚುತ್ತಿತ್ತು. ಒಂದನೇ ತಾರೀಖು ರೊಕ್ಕ ಇಸಿದುಕೊಳ್ಳುವಾಗ ನಾನೇ ಬಾಯಿ ಬಿಟ್ಟೆ. “ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ. ಆ ಹುಡುಗೀನ್ನ ಮತ್ತ ಹಿಂದ ಕೂಡಸೇನಿ.” ಅವರು ನೋಟು ಎಣಿಸುತ್ತಲೇ, “ಗೊತ್ತೈತ್ರಿ. ದಿನಾ ಮನ್ಯಾಗ ಎರಡೂ ಕಡೀ ಬಸ್ಸಿನ ಲೆಕ್ಕ ಹೇಳ್ತಾನ. ಸುಳ್ಳ ಹೇಳಾಕ ಬರೂದಿಲ್ಲ ಅವಂಗ” ಅಂದರು. ಮತ್ತೇನೂ ಅನ್ನಲಿಲ್ಲ. ಸೀಟಿನ ಮಾತು ಅವರು ಮತ್ತೆ ಎತ್ತಿಲ್ಲ.

ಎಲ್ಲ ಕಡೆ ಹೀಗೇ ಸಲೀಸಾಗಿ ಆಗುತ್ತದೆ ಅಂತ ನಾನು ಹೇಳೋದಿಲ್ಲ. 2022ರ ಏಪ್ರಿಲ್‌ನಲ್ಲಿ ಹಳೇ ಹುಬ್ಬಳ್ಳಿಯಲ್ಲಿ ಮೊಬೈಲಿನ ಒಂದು ಪೋಸ್ಟಿನಿಂದ ಗಲಾಟೆ ಎದ್ದು, ಕಲ್ಲು ತೂರಾಟವಾಗಿ, ನಿಷೇಧಾಜ್ಞೆ ಹಾಕಿದ್ದರು. ಆ ವರ್ಷ ಮೇ 16ಕ್ಕೇ ಶಾಲೆ ಶುರುವಾದವು. ಮೊದಲ ವಾರವೇ ನನ್ನ ಆಟೊದಿಂದ ಎರಡು ಮನೆಯವರು ಮಕ್ಕಳನ್ನು ಬಿಡಿಸಿದರು. ಒಂದು ಮನೆ ಇವರದು, ಒಂದು ಮನೆ ಅವರದು. ಇಬ್ಬರೂ ಆಡಿದ ಮಾತು ಮಾತ್ರ ಒಂದೇ: “ಕಾಲ ಸರಿ ಇಲ್ರಿ.” ಆ ಎರಡು ಮಕ್ಕಳು ಮೂರು ವರ್ಷ ಒಂದೇ ಅಂಚಿಗೆ ಕೂತು ಬಂದವರು. ಅವರನ್ನು ಯಾರೂ ಕೇಳಲಿಲ್ಲ.

ಉಳಿದ ಮಕ್ಕಳಲ್ಲೂ ಆ ಗಾಳಿ ಬೀಸಿತ್ತು. ಒಂದನೇ ಇಯತ್ತೆಯ ಪೋರ ಒಬ್ಬ, ಪೆನ್ಸಿಲ್ ವಿಷಯಕ್ಕೆ ಜಗಳವಾಗಿ, ಬಾಜಿನ ಹುಡುಗನಿಗೆ “ನೀ ಪಾಕಿಸ್ತಾನದಾಂವ” ಅಂದ. ಬೈಯಬೇಕು ಅನ್ನಿಸಿತು. ಬೈದರೆ ನಾಳೆ ನನ್ನ ಬೆನ್ನ ಹಿಂದೆ ಅಂತಾನೆ. ಅದಕ್ಕೆ, “ಪಾಕಿಸ್ತಾನ ಎಲ್ಲೈತಿ ಗೊತ್ತೈತೇನು?” ಅಂತ ಕೇಳಿದೆ. ಅವನು ಕೈ ತೋರಿಸಿ, “ಅಲ್ಲೇ, ನಾಲಾ ದಾಟಿದ್ರ ಬರ್ತೇತಿ” ಅಂದ. ಬೈಸಿಕೊಂಡ ಹುಡುಗನಿಗೆ ನಗು ತಡೆಯಲಿಲ್ಲ. “ಏ, ಅಲ್ಲೆ ನಮ್ಮ ಮಾಮಾನ ಮನಿ ಐತಿ. ಹೆಸ್ಕಾಂ ಲೈನ್‌ಮನ್ ಅದಾನ. ನಿಮ್ಮನಿ ಕರೆಂಟ್ ಹೋದ್ರ ಅವನ ಬರ್ತಾನ.” ಪೋರ ಗಂಭೀರವಾಗಿ ಯೋಚನೆ ಮಾಡಿ, “ಕಂಬ ಹತ್ತತಾನೇನು?” ಅಂತ ಕೇಳಿದ. ಅಲ್ಲಿಂದ ಶಾಲೆವರೆಗೂ ಕಂಬದ ಮಾತೇ. ಪೆನ್ಸಿಲ್ ಏನಾಯಿತೋ ಗೊತ್ತಿಲ್ಲ.

ಅವರಿಬ್ಬರೂ ಒಂದೇ ಆಟೊದಲ್ಲಿ ಇದ್ದದ್ದಕ್ಕೆ ಆ ಕಂಬದ ಮಾತು ಬಂತು. ಬೇರೆ ಬೇರೆ ಆಟೊದಲ್ಲಿ ಇದ್ದಿದ್ದರೆ ನಾಲಾ ಆಚೆ ಅವನಿಗೆ ಇವತ್ತಿಗೂ ಪಾಕಿಸ್ತಾನವೇ. ಇದನ್ನು ಯಾಕೆ ಹೇಳುತ್ತೇನೆಂದರೆ, ಬೇರೆ ಬೇರೆ ಮನೆಯ ಮಕ್ಕಳು ಕಲೆಯುವ ಜಾಗ ನನ್ನ ಕಣ್ಣೆದುರೇ ಕಡಿಮೆ ಆಗುತ್ತಿದೆ. 2012ರಲ್ಲಿ ನಮ್ಮ ರಾಜ್ಯದಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ, ಅಂದರೆ ಆರ್‌ಟಿಇ ಸೀಟು ಶುರುವಾದಾಗ, ಖಾಸಗಿ ಶಾಲೆಗಳಲ್ಲಿ ನೂರಕ್ಕೆ 25 ಸೀಟು ಬಡವರ ಮಕ್ಕಳಿಗೆ ಸಿಗುತ್ತಿತ್ತು. ನನ್ನ ಆಟೊದಲ್ಲೇ ಡಾಕ್ಟರ್ ಮಗ, ಗಾರೆ ಕೆಲಸದವರ ಮಗಳು, ಹಮಾಲರ ಮಗ ಒಟ್ಟಿಗೆ ಬರುತ್ತಿದ್ದರು. ಹತ್ತಿರ ಸರ್ಕಾರಿ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಇಲ್ಲ ಅಂತ ನಿಯಮ ಬದಲಾಯಿತು. 2019ರಿಂದ ಅಂಥ ಹೊಸ ಮಕ್ಕಳು ನನ್ನ ಆಟೊಗೆ ಬಂದದ್ದು ಒಬ್ಬರೋ ಇಬ್ಬರೋ. ಸರ್ಕಾರಿ ಶಾಲೆಗೆ ಹೋಗುವುದು ತಪ್ಪು ಅಂತ ಅಲ್ಲ. ನನ್ನ ತಂಗಿಯ ಮಗ ಹಳ್ಳಿಯ ಸರ್ಕಾರಿ ಶಾಲೆಯಲ್ಲೇ ಇದ್ದಾನೆ. 2024ರಿಂದ ಅಲ್ಲಿ ವಾರಕ್ಕೆ ಆರು ದಿನ ತತ್ತಿ, ಬೇಡ ಅಂದವರಿಗೆ ಬಾಳೆಹಣ್ಣು. ಇವನಿಗೆ ಬಾಳೆಹಣ್ಣು, ಬಾಜಿನವನಿಗೆ ತತ್ತಿ, ಇಬ್ಬರೂ ಒಂದೇ ಸಾಲು. ವಾಸನೆಯ ಮಾತು ಅವನ ಬಾಯಲ್ಲಿ ನಾನು ಕೇಳಿಲ್ಲ. ಆದರೆ ಡಾಕ್ಟರ್ ಮಗ ಆ ಸಾಲಿನಲ್ಲಿ ಇಲ್ಲ, ಅಲ್ವಾ?

ಶಾಲೆಯವರಿಗೂ ಒಂದು ಮಾತು. ನನ್ನ ಮಗಳು ಐದನೇ ಇಯತ್ತೆಯಲ್ಲಿದ್ದಾಗ ಒಬ್ಬ ಟೀಚರು ಸ್ಕಾಲರ್‌ಶಿಪ್ ಫಾರ್ಮ್ ತುಂಬಿಸೋಕೆ ಅಂತ, ‘ಎಸ್ಸಿ-ಎಸ್ಟಿ ಮಕ್ಕಳು ಎದ್ದು ನಿಲ್ಲಿ’ ಅಂದರಂತೆ. ಅಲ್ಲಿಯವರೆಗೆ ಅವಳ ಬೆಂಚಿನ ಗೆಳತಿ ಬರೀ ಗೆಳತಿ. ಸಂಜೆ ಮನೆಗೆ ಬಂದು “ಅಪ್ಪಾ, ಎಸ್ಸಿ ಅಂದ್ರೇನು?” ಅಂತ ಕೇಳಿದಳು. ಟೀಚರು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಕೆಲಸ ಬೇಗ ಮುಗಿಯಲಿ ಅಂತ. ಆ ಹೆಸರುಗಳೆಲ್ಲ ಆಫೀಸಿನ ರಜಿಸ್ಟರಿನಲ್ಲಿ ಇದ್ದೇ ಇರುತ್ತವೆ. ಒಬ್ಬೊಬ್ಬರನ್ನೇ ಕರೆದು ಫಾರ್ಮ್ ಕೊಟ್ಟರೆ ಹತ್ತು ನಿಮಿಷ ಜಾಸ್ತಿ ಹಿಡಿಯಬಹುದು.

ನನ್ನ ಆಟೊದಲ್ಲಿ ಈಗ ಒಂದು ಪದ್ಧತಿ ಮಾಡಿದ್ದೇನೆ. ಸೀಟು ಸೋಮವಾರಕ್ಕೊಮ್ಮೆ ಬದಲು. ಚೀಟಿ ಎತ್ತುವುದು ಮಕ್ಕಳೇ. ಬಾಜು ಬಂದವರದು ಆ ವಾರ ಒಂದು ಜೋಡಿ. ಮಳೆ ಬಂದರೆ ಆ ಬದಿಯ ಪರದೆ ಇಳಿಸುವುದು, ಯಾರದಾದರೂ ಬ್ಯಾಗು ಉಳಿದರೆ ಕೂಗುವುದು, ಬಸ್ಸು ಎಣಿಸುವುದು, ಎಲ್ಲ ಜೋಡಿಯ ಜವಾಬ್ದಾರಿ. ಜಗಳ ಇಲ್ಲ ಅಂತಲ್ಲ. ಕಳೆದ ವಾರವೇ ಒಬ್ಬಳು ಇನ್ನೊಬ್ಬಳ ನೀರಿನ ಬಾಟಲಿ ಎಸೆದಳು. ಆದರೆ ಅದು ಬಾಟಲಿಯ ಜಗಳ.

ಡಬ್ಬಿಯ ಹುಡುಗಿ ಈಗ ನಾಲ್ಕನೇ ಇಯತ್ತೆ. ಡಬ್ಬಿಗೆ ಪ್ಲಾಸ್ಟಿಕ್ ಚೀಲ ಈಗಲೂ ಇದೆ. ಎರಡಿದ್ದದ್ದು ಒಂದಾಗಿದೆ. ಸಾರು ಸೋರುತ್ತದೆ ಅಂತ ಹೇಳುತ್ತಾಳೆ. ನಿಜವೂ ಇರಬಹುದು.

ಮೊನ್ನೆ ಹೊಸ ಮನೆಯವರೊಬ್ಬರು ಫೋನ್ ಮಾಡಿದ್ದರು. ತಿಂಗಳಿಗೆ ಎಷ್ಟು, ಎಷ್ಟು ಗಂಟೆಗೆ ಬರ್ತೀರಿ, ಎಲ್ಲ ಕೇಳಿದರು. ಕೊನೆಗೆ ಸ್ವಲ್ಪ ತಡೆದು, “ನಮ್ಮ ಹುಡುಗನ ಬಾಜು ಯಾರು ಕೂಡ್ತಾರ್ರೀ?” ಅಂದರು. ಚೀಟಿಯ ವಿಷಯ ಹೇಳಿದೆ. ವಿಚಾರ ಮಾಡಿ ಹೇಳ್ತೀವಿ ಅಂದರು. ಇವತ್ತಿಗೆ ಐದು ದಿನ ಆಯಿತು, ಫೋನ್ ಬಂದಿಲ್ಲ. ಒಂದು ಸೀಟು ಖಾಲಿ ಇದೆ. ಬೇಕಾದವರು ಮುಂಜಾನೆ ಏಳೂವರೆಯೊಳಗೆ ಸ್ಟ್ಯಾಂಡಿಗೆ ಬಂದು ಕೇಳಬಹುದು. ಯಾವ ಸೀಟು ಅಂತ ಮಾತ್ರ ಸೋಮವಾರದವರೆಗೆ ಹೇಳೋಕಾಗಲ್ಲ.

— ಒಬ್ಬ ಶಾಲಾ ಆಟೊ ಚಾಲಕ, ಹಳೇ ಹುಬ್ಬಳ್ಳಿ